ಮಕ್ಕಳ ತಲೆಗೆ ಇಲ್ಲದ್ದು ತುಂಬಿದ ಹಾಗಾಗಲ್ವಾ?

ಹೋದ ತಿಂಗಳು ಮದುವೆ ಊಟಕ್ಕೆ ಕೂತಿದ್ದೆ, ಎಲೆಗೆ ಆಗ ತಾನೇ ಹೋಳಿಗೆ ಬಿದ್ದಿತ್ತು, ಪಕ್ಕದಲ್ಲಿದ್ದ ಸೋದರತ್ತೆ ತುಪ್ಪ ಹಾಕಿಸ್ಕೊಳ್ತಾ "ಏನೇ, ನೀನು ಸ್ಕೂಲ್ ಮಕ್ಳಿಗೆ ಸಾಯೋದು ಹೇಳ್ಕೊಡ್ತೀಯಂತೆ?" ಅಂದ್ರು. ಎದುರು ಪಂಕ್ತಿಯವರೆಲ್ಲ ಕತ್ತೆತ್ತಿ ನೋಡಿದ್ರು. ಸಾಯೋದಲ್ಲ ಅತ್ತೆ, ಸಾಯದೇ ಇರೋದು, ಅಂದೆ. "ಏನೋಪ್ಪ, ಇಲ್ಲದ್ದೆಲ್ಲ ತಲೆಗೆ ತುಂಬಿದ ಹಾಗಾಗಲ್ವಾ" ಅಂತ ಹೋಳಿಗೆ ಮುರಿದ್ರು.

ಈ ಪ್ರಶ್ನೆ ಬ್ಯಾಂಕಲ್ಲಿ ಜೊತೆಯವರು ಕೇಳಿದಾರೆ, ಪಕ್ಕದ ಮನೆಯವರು ಕೇಳಿದಾರೆ, ಮೊದಲ ವರ್ಷ ನನ್ನ ಗಂಡನೂ ಕೇಳಿದ್ರು. ಹೇಳಿ ಹೇಳಿ ಸಾಕಾಗಿದೆ, ಇನ್ಮೇಲೆ ಕೇಳಿದವರಿಗೆ ಇದನ್ನೇ ವಾಟ್ಸಾಪ್ ಮಾಡ್ತೀನಿ.

ನಾನು ಡಾಕ್ಟರಲ್ಲ. ಎರಡನೇ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜ, ಸ್ಕೂಲಿಗೆ ಬೆಳಗ್ಗೆ ಅರ್ಧ ದಿನ ಇರುತ್ತೆ, ಹಾಗಾಗಿ ಆತ್ಮಹತ್ಯೆ ತಡೆಯೋದರ ಬಗ್ಗೆ ಟ್ರೈನಿಂಗ್ ತಗೊಂಡು ಐದು ವರ್ಷದಿಂದ ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳ ಹತ್ರ ಹೋಗ್ತೀನಿ. ಹೇಳ್ಕೊಡೋದು ಇಷ್ಟೇ. ಫ್ರೆಂಡ್ ತುಂಬಾ ಸಂಕಟದಲ್ಲಿದಾಳೆ ಅಂತ ಹೇಗೆ ಗೊತ್ತಾಗುತ್ತೆ, ಗೊತ್ತಾದ್ರೆ ಬಾಯಿಬಿಟ್ಟು ಹೇಗೆ ಕೇಳೋದು, ಆಮೇಲೆ ಯಾವ ದೊಡ್ಡವರ ಹತ್ರ ಕರ್ಕೊಂಡು ಹೋಗೋದು. ಹೇಗೆ ಸಾಯ್ತಾರೆ ಅನ್ನೋದರ ಬಗ್ಗೆ ಒಂದಕ್ಷರ ಮಾತಾಡಲ್ಲ, ಯಾರದ್ದೋ ಕಥೆ ಹೇಳಿ ಮಕ್ಕಳನ್ನ ಅಳಿಸಲ್ಲ.

ಇನ್ನು ತಲೆಗೆ ತುಂಬೋ ವಿಷಯ. ಇಲ್ಲ, ತುಂಬಿದ ಹಾಗಾಗಲ್ಲ. ಹತ್ತನೇ ಕ್ಲಾಸಿನ ಮಗು ಆತ್ಮಹತ್ಯೆ ಅನ್ನೋ ಪದ ನನ್ನ ಬಾಯಿಂದ ಮೊದಲ ಸಲ ಕೇಳುತ್ತೆ ಅಂತ ನಿಜವಾಗ್ಲೂ ನಂಬ್ತೀರಾ? ಟಿವಿ ನ್ಯೂಸಲ್ಲಿ ಕೇಳಿರುತ್ತೆ, ರೀಲ್ಸಲ್ಲಿ ನೋಡಿರುತ್ತೆ, ಮನೇಲಿ ಅಮ್ಮ ಸಿಟ್ಟು ಬಂದಾಗ "ನಿಮ್ಮ ಕಾಟಕ್ಕೆ ಸತ್ತೋಗ್ತೀನಿ ನಾನು" ಅಂದಿರ್ತಾರೆ. ಎನ್‌ಸಿಆರ್‌ಬಿ, ಅಂದ್ರೆ ದೇಶದ ಅಪರಾಧಗಳ ಲೆಕ್ಕ ಇಡೋ ಸರ್ಕಾರಿ ಸಂಸ್ಥೆ, ಅದರ ಪ್ರಕಾರ 2022ರಲ್ಲಿ ಒಂದೇ ವರ್ಷ ದೇಶದಲ್ಲಿ ಆತ್ಮಹತ್ಯೆಯಿಂದ ಹೋದ ವಿದ್ಯಾರ್ಥಿಗಳು 13,044. ನಾವು ಬಾಯಿ ಮುಚ್ಕೊಂಡಿದ್ರೆ ಮಕ್ಕಳು ಉಳೀತಾರೆ ಅನ್ನೋದಾದ್ರೆ ಈ ಸಂಖ್ಯೆ ಇಷ್ಟಿರಬಾರದಿತ್ತು.

ಇದನ್ನ ಯುರೋಪಲ್ಲಿ ಪರೀಕ್ಷೆ ಮಾಡಿಯೂ ನೋಡಿದಾರೆ. 10 ದೇಶ, 168 ಶಾಲೆ, 11,110 ಮಕ್ಕಳು, ವರದಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ 2015ರಲ್ಲಿ ಬಂತು. ಮಕ್ಕಳ ಜೊತೆ ನೇರವಾಗಿ ಕೂತು ಮಾತಾಡಿ, ಅವರಿಂದಲೇ ಪಾತ್ರ ಮಾಡಿಸಿ ಕಲಿಸಿದ ಶಾಲೆಗಳಲ್ಲಿ ಒಂದು ವರ್ಷ ಆದ್ಮೇಲೆ ನೋಡಿದ್ರೆ, ಬರೀ ಪೋಸ್ಟರ್ ಅಂಟಿಸಿದ ಶಾಲೆಗಳಿಗಿಂತ ಆತ್ಮಹತ್ಯೆ ಪ್ರಯತ್ನಗಳು ಹೆಚ್ಚುಕಮ್ಮಿ ಅರ್ಧದಷ್ಟು ಕಡಿಮೆ. ಟೀಚರ್‌ಗಳಿಗೆ ಮಾತ್ರ ಟ್ರೈನಿಂಗ್ ಕೊಟ್ಟ ಶಾಲೆಗಳಲ್ಲಿ ಅಂಥಾ ವ್ಯತ್ಯಾಸ ಕಾಣಲಿಲ್ಲ. ನನಗಂತೂ ಇದು ಆಶ್ಚರ್ಯ ಅನ್ನಿಸಲ್ಲ, ಮಕ್ಕಳು ಮೊದ್ಲು ಹೇಳ್ಕೊಳ್ಳೋದು ಪಕ್ಕದ ಬೆಂಚಿನವರ ಹತ್ರ, ಸ್ಟಾಫ್ ರೂಮಲ್ಲಲ್ಲ.

ಒಂದು ಶಾಲೆ. ಊರು, ಹೆಸರು ಹೇಳಲ್ಲ, ಕೇಳಬೇಡಿ. ಹೆಡ್‌ಮಾಸ್ಟರ್ ಒಳ್ಳೆಯವರೇ, ಆದ್ರೆ ಕ್ಲಾಸ್ ಶುರುವಾಗೋ ಮುಂಚೆ "ಮೇಡಂ, ಆ ಪದ ಬೇಡ, ಬೋರ್ಡ್ ಮೇಲೆ ವ್ಯಕ್ತಿತ್ವ ವಿಕಸನ ಅಂತ ಬರೀರಿ, ಪೋಷಕರು ಗಲಾಟೆ ಮಾಡ್ತಾರೆ" ಅಂದ್ರು. ಬರೆದೆ. ಒಳಗೆ ಹೋಗಿ ಬಾಗಿಲು ಹಾಕ್ಕೊಂಡು ಮಾತಾಡಬೇಕಾದ್ದನ್ನೇ ಮಾತಾಡಿದೆ. ಹೆಸರು ಬರೀದೆ ಚೀಟಿ ಹಾಕಿ ಅಂತ ಖಾಲಿ ಚಾಕ್‌ಪೀಸ್ ಡಬ್ಬ ಹಿಂದಿನ ಬೆಂಚಿಂದ ಕಳಿಸೋದು ನನ್ನ ಪದ್ಧತಿ. ಹುಡುಗರು ಒಬ್ರನ್ನೊಬ್ರು ತಿವಿದು ನಗ್ತಾರೆ, ಯಾವನೋ ಒಬ್ಬ ಪ್ರತಿ ಸಲ "ಮಿಸ್ ನಿಮ್ ಸೀರೆ ಚೆನ್ನಾಗಿದೆ" ಅಂತ ಬರೀತಾನೆ, ಆ ಚೀಟಿ ಕಂಡ್ರೆ ನನಗೆ ಖುಷಿ, ಕೈ ಒಂಚೂರು ಹಗುರ ಆಗುತ್ತೆ. ಅವತ್ತು ಅದರ ಕೆಳಗೆ ಇನ್ನೊಂದಿತ್ತು. ನೋಟ್‌ಬುಕ್ಕಿನ ಮೂಲೆ ಹರಿದು ಎಂಟು ಮಡಿಕೆ ಮಾಡಿದ್ದು. "ನನ್ ಫ್ರೆಂಡ್ ಬದುಕಲ್ಲ ಅಂತಾಳೆ. ಯಾರಿಗೂ ಹೇಳಲ್ಲ ಅಂತ ನಮ್ಮಮ್ಮನ ಮೇಲೆ ಆಣೆ ಹಾಕಿಸ್ಕೊಂಡಿದಾಳೆ. ಹೇಳಿದ್ರೆ ಅಮ್ಮಂಗೆ ಏನಾದ್ರೂ ಆಗುತ್ತಾ?"

ಟ್ರೈನಿಂಗಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಚೀಟಿ ಓದದೇ ಇಡೀ ಕ್ಲಾಸಿಗೆ ಹೇಳಿದೆ, ಜೀವ ಉಳಿಸೋಕೆ ಮುರಿದ ಆಣೆ ಯಾರಿಗೂ ತಟ್ಟಲ್ಲ, ತಟ್ಟೋದಿದ್ರೆ ಆ ಆಣೆ ನನ್ನ ಮೇಲಿರ್ಲಿ. ಬೆಲ್ ಆದ್ಮೇಲೆ ನಲ್ಲಿ ಹತ್ರ ಒಬ್ಳು ನೀರಿನ ಬಾಟಲ್ ತುಂಬಿ, ಚೆಲ್ಲಿ, ಮತ್ತೆ ತುಂಬ್ತಾ ನಿಂತಿದ್ಲು.

ನಿಜ ಹೇಳ್ತೀನಿ, ನನ್ನನ್ನ ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇದೆ. "ಕೇಳಿದಾಗ ಮಗು ಹೌದು ಅಂದುಬಿಟ್ರೆ, ಆಮೇಲೆ ಏನ್ ಮಾಡ್ಬೇಕು?" ಐದು ವರ್ಷದಲ್ಲಿ ದೊಡ್ಡವರು ಯಾರೂ ಇದನ್ನ ಕೇಳಿಲ್ಲ. ಯಾರೂ ಕೇಳದೇ ಇದ್ರೂ ಹೇಳ್ತೀನಿ.

ಅವತ್ತು ಚೀಟಿಯಲ್ಲಿದ್ದ ಆ ಫ್ರೆಂಡನ್ನ ಲೈಬ್ರರಿ ರೂಮಲ್ಲಿ ಕೂರಿಸ್ಕೊಂಡು, ಸುತ್ತಿ ಬಳಸದೆ "ಸಾಯ್ಬೇಕು ಅನ್ನಿಸ್ತಿದ್ಯಾ ಪುಟ್ಟಾ?" ಅಂತ ಕೇಳಿದೆ. ತುಂಬಾ ಹೊತ್ತು ಸುಮ್ನಿದ್ದು ಹೂಂ ಅಂದ್ಲು. ಅಲ್ಲಿ ಬುದ್ಧಿ ಹೇಳೋಕೆ ಹೋಗಬಾರದು, ಅಪ್ಪ ಅಮ್ಮ ಎಷ್ಟು ಕಷ್ಟಪಟ್ಟಿದಾರೆ ಗೊತ್ತಾ ಅಂತ ಶುರು ಮಾಡ್ಲೇಬಾರದು. ಕೇಳಿಸ್ಕೋಬೇಕು. ಒಂಟಿ ಬಿಡಬಾರದು, ನಾವು ಬಾತ್‌ರೂಮಿಗೂ ಬಿಡಲಿಲ್ಲ, ಸೈನ್ಸ್ ಮಿಸ್ ಜೊತೆಗೇ ಹೋದ್ರು. 14416ಕ್ಕೆ ಫೋನ್ ಮಾಡಿದ್ವಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಸಹಾಯವಾಣಿ, ಹಿಂದೆ ನಮ್ಮ ನಿಮ್ಹಾನ್ಸ್ ಇದೆ, ಹಗಲೂ ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಇದನ್ನ ಓದ್ತಿರೋರಲ್ಲಿ ಯಾರಿಗಾದ್ರೂ ಇವತ್ತೇ ಅದು ಬೇಕಿದ್ರೆ ಓದೋದು ಇಲ್ಲಿಗೇ ನಿಲ್ಲಿಸಿ ಮೊದ್ಲು ಫೋನ್ ಮಾಡಿ.

ಆ ಹುಡುಗಿ ಅಪ್ಪಂಗೆ ಫೋನ್ ಮಾಡಿದ್ರೆ "ಅವ್ಳು ಯಾವಾಗ್ಲೂ ಹಂಗೇ ಅಂತಿರ್ತಾಳೆ ಮೇಡಂ, ಬೊಗಳೋ ನಾಯಿ ಕಚ್ಚಲ್ಲ" ಅಂದ್ರು. ಈ ಗಾದೆ ಈ ವಿಷಯಕ್ಕೆ ಹಚ್ಚೋದನ್ನ ದಯವಿಟ್ಟು ಬಿಟ್ಟುಬಿಡಿ. ಹೀಗೆ ಬಾಯಿಬಿಟ್ಟು ಹೇಳಿದ ಎಷ್ಟೋ ಜನ ಹೋಗಿದಾರೆ, ಹೇಳೋದೇ ಅವರು ಸಹಾಯ ಕೇಳೋ ರೀತಿ. ಆದ್ರೂ ಅವರು ಬಂದ್ರು, ಜಮೀನಿಂದ ಹಾಗೇ, ಕಾಲಿಗೆ ಕೆಸರು ಮೆತ್ತಿತ್ತು. ಜಿಲ್ಲಾಸ್ಪತ್ರೆ ಕಾರಿಡಾರಲ್ಲಿ ನನ್ನನ್ನ ಪಕ್ಕಕ್ಕೆ ಕರೆದು "ಪೊಲೀಸ್ ಕೇಸ್ ಆಗುತ್ತಾ?" ಅಂದ್ರು, ಆಗ ಗೊತ್ತಾಯ್ತು ಗಾದೆ ಬಂದಿದ್ದು ಧಿಮಾಕಿಂದಲ್ಲ, ಹೆದರಿಕೆಯಿಂದ. ಬರೀ ಯೋಚನೆ ಬಂದಿದ್ದಕ್ಕೆ ಯಾವ ಕೇಸೂ ಇಲ್ಲ. ಪ್ರಯತ್ನ ಮಾಡಿದವರನ್ನೂ ತೀವ್ರ ಒತ್ತಡದಲ್ಲಿದ್ರು ಅಂತಲೇ ಭಾವಿಸಬೇಕು, ಶಿಕ್ಷೆ ಅಲ್ಲ ಆರೈಕೆ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತೆ. ಮನೇಲಿ, ಕೊಟ್ಟಿಗೇಲಿ ಅಪಾಯದ್ದು ಏನೇ ಇದ್ರೂ ಬೀಗ ಹಾಕಿ ಕೀ ನೀವೇ ಇಟ್ಕೊಳ್ಳಿ ಅಂತ ಡಾಕ್ಟರ್ ಹೇಳಿದ್ರು, ಆಯ್ತು ಅಂತ ತಲೆ ಆಡಿಸಿದ್ರು.

ಮಾರ್ಕ್ಸ್ ಕಾರಣಾನಾ ಅಂತ ಆಮೇಲೆ ಎಲ್ರೂ ಕೇಳಿದ್ರು. ಒಂದೇ ಕಾರಣ ಅಂತ ಇರಲ್ಲ. ಅವಳು ನನ್ನ ಹತ್ರ ಹೇಳಿದ್ದು ಅವಳದ್ದು, ಇಲ್ಲಿ ಬರೆಯಲ್ಲ.

ಮೂರು ವಾರ ಆದ್ಮೇಲೆ ಅವಳು ಸ್ಕೂಲಿಗೆ ಬಂದ್ಲು. ಚೀಟಿ ಬರೆದವಳ ಜೊತೆ ಮಾತಾಡಲಿಲ್ಲ, ಜಾಗಾನೂ ಬದಲಾಯಿಸಿದ್ಲು. ಚೀಟಿಯವಳು ನನ್ನ ಹತ್ರ ಬಂದು ಅತ್ಲು, ನಾನು ಹೇಳಬಾರದಿತ್ತಾ ಮಿಸ್ ಅಂತ. ಹೇಳಿದ್ದು ಸರಿ ಕಣಮ್ಮಾ ಅಂದೆ, ಅದಕ್ಕಿಂತ ಹೆಚ್ಚು ಸಮಾಧಾನ ನನ್ನ ಹತ್ರಾನೂ ಇರಲಿಲ್ಲ. ಮುಂದಿನ ನಾಲ್ಕನೇ ಶನಿವಾರ ಹೋದಾಗ ಬೋರ್ಡಿನ ಮೂಲೇಲಿ ಒಟ್ಟು, ಹಾಜರು, ಗೈರು ಬರೆಯೋ ಜಾಗದ ಕೆಳಗೆ ಯಾರೋ 14416 ಅಂತ ಬರೆದಿದ್ರು. ಒಬ್ಳು ಕಿಟಕಿ ಪಕ್ಕ, ಇನ್ನೊಬ್ಳು ಬಾಗಿಲ ಹತ್ರ ಕೂತಿದ್ರು, ಇಬ್ರೂ ಇದ್ರು.