ಕೆಂಪು ಮಾತ್ರೆ, ಕಮಟು ಎಣ್ಣೆ, ಬಸುರಿಯ ಸಕ್ಕರೆ

ಬಸುರಿಯಲ್ಲಿ ಸಕ್ಕರೆ ಕಾಣಿಸಿಕೊಂಡಿತು, ಇನ್ನು ಕಬ್ಬಿಣಾಂಶದ ಮಾತ್ರೆ ನಿಲ್ಲಿಸಿಬಿಡಲೇ ಎಂದು ಕೇಳುವವರಿದ್ದಾರೆ. ಕಬ್ಬಿಣ ಹೆಚ್ಚಾದರೆ ಇನ್ಸುಲಿನ್ ತಯಾರಿಸುವ ಕೋಶಗಳು ಸಾಯುತ್ತವಂತೆ ಎಂದು ಎಲ್ಲೋ ಓದಿರುತ್ತಾರೆ. ಪೆದ್ದು ಪ್ರಶ್ನೆಯೇನಲ್ಲ. ಅದರ ಹಿಂದಿರುವ ಪದ ಫೆರೊಪ್ಟೋಸಿಸ್, ಅಂದರೆ ಕಬ್ಬಿಣ ಇದ್ದರೆ ಮಾತ್ರ ನಡೆಯುವ ಒಂದು ಬಗೆಯ ಕೋಶಸಾವು. 2012ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಕಾಟ್ ಡಿಕ್ಸನ್, ಬ್ರೆಂಟ್ ಸ್ಟಾಕ್‌ವೆಲ್ ಮತ್ತು ಸಂಗಡಿಗರು ಅದಕ್ಕೆ ಆ ಹೆಸರಿಟ್ಟರು. ಉತ್ತರ ಮೊದಲೇ ಹೇಳಿಬಿಡುತ್ತೇವೆ: ವೈದ್ಯರು ಹೇಳದೆ ನಿಲ್ಲಿಸಬೇಡಿ. ಕಾರಣ ಉದ್ದವಿದೆ.

ಕಡಲೆಕಾಯಿ ಎಣ್ಣೆಯನ್ನು ತಿಂಗಳುಗಟ್ಟಲೆ ತೆರೆದಿಟ್ಟರೆ ಕಮಟು ವಾಸನೆ ಹೊಡೆಯುತ್ತದೆ, ತುಪ್ಪಕ್ಕೆ ಅಷ್ಟು ಬೇಗ ಹಾಗಾಗುವುದಿಲ್ಲ. ಎಣ್ಣೆಯ ಕೊಬ್ಬಿನಾಮ್ಲಗಳ ಸರಪಳಿಯಲ್ಲಿ ಜೋಡಿಬಂಧಗಳು ಹೆಚ್ಚು. ಎರಡು ಜೋಡಿಬಂಧಗಳ ನಡುವೆ ಸಿಕ್ಕಿಕೊಂಡ ಇಂಗಾಲದಿಂದ ಹೈಡ್ರೋಜನ್ ಸುಲಭವಾಗಿ ಕಳಚಿಕೊಳ್ಳುತ್ತದೆ. ಆ ಜಾಗಕ್ಕೆ ಆಮ್ಲಜನಕ ಬಂದು ಕೂರುತ್ತದೆ, ಪಕ್ಕದ ಸರಪಳಿಯ ಹೈಡ್ರೋಜನ್ನನ್ನೂ ಕಿತ್ತುಕೊಳ್ಳುತ್ತದೆ. ಒಂದು ಹೊತ್ತಿಕೊಂಡರೆ ಸಾಲಾಗಿ ಹೊತ್ತಿಕೊಂಡ ಹಾಗೆ. ನಮ್ಮ ಕೋಶಗಳ ಪೊರೆಯೂ ಇಂಥದ್ದೇ ಕೊಬ್ಬಿನಿಂದ ಆದದ್ದು. ಅದರಲ್ಲಿರುವ ಅರಾಕಿಡೋನಿಕ್ ಆಮ್ಲಕ್ಕೆ ನಾಲ್ಕು ಜೋಡಿಬಂಧಗಳಿವೆ. ಪೊರೆ ಕಮಟಾಗಿ ತೂತು ಬಿದ್ದು ಕೋಶ ಒಡೆಯುವುದೇ ಫೆರೊಪ್ಟೋಸಿಸ್.

ಕಬ್ಬಿಣದ ಪಾತ್ರ ಇಲ್ಲಿ ಕಿಡಿಯದು. ಫೆರಸ್ ರೂಪದ ಕಬ್ಬಿಣ ಹೈಡ್ರೋಜನ್ ಪೆರಾಕ್ಸೈಡಿಗೆ ತಗುಲಿದರೆ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟುತ್ತದೆ. 1894ರಲ್ಲಿ ಹೆನ್ರಿ ಫೆಂಟನ್ ವರದಿ ಮಾಡಿದ್ದ ರಾಸಾಯನಿಕ ಕ್ರಿಯೆಯ ಬುಡ ಇದೇ. ಅದಕ್ಕೇ ದೇಹ ಕಬ್ಬಿಣವನ್ನು ಬಿಡಿಯಾಗಿ ಓಡಾಡಲು ಬಿಡುವುದಿಲ್ಲ. ರಕ್ತದಲ್ಲಿ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಒಮ್ಮೆಗೆ ಎರಡು ಪರಮಾಣು ಹೊತ್ತು ಸಾಗಿಸುತ್ತದೆ. ಕೋಶದ ಒಳಗೆ ಫೆರಿಟಿನ್ ಎಂಬ ಪೆಟ್ಟಿಗೆ 4500 ಪರಮಾಣುಗಳವರೆಗೆ ಕೂಡಿಟ್ಟುಕೊಳ್ಳುತ್ತದೆ. ಪೆಟ್ಟಿಗೆಯನ್ನೇ ಕೋಶ ಅರಗಿಸಿಕೊಂಡಾಗ ಒಳಗಿನ ಕಬ್ಬಿಣ ಹೊರಬೀಳುತ್ತದೆ, ಅಪಾಯ ಅಲ್ಲಿ.

ಪೊರೆ ಕಮಟಾಗದಂತೆ ಕಾವಲಿಗೆ ಜಿಪಿಎಕ್ಸ್4 ಎಂಬ ಕಿಣ್ವವಿದೆ. ಸೆಲೆನಿಯಂ ಇಲ್ಲದೆ ಅದು ತಯಾರಾಗುವುದಿಲ್ಲ, ಗ್ಲುಟಾಥಯೋನ್ ಎಂಬ ಸಹಾಯಕ ಅಣುವಿಲ್ಲದೆ ಕೆಲಸ ಮಾಡುವುದಿಲ್ಲ. ಗ್ಲುಟಾಥಯೋನಿಗೆ ಸಿಸ್ಟೀನ್ ಎಂಬ ಅಮೈನೋ ಆಮ್ಲ ಬೇಕು, ಅದು ಸಿಸ್ಟಿನ್ (ಎರಡು ಸಿಸ್ಟೀನ್‌ಗಳ ಜೋಡಿ) ರೂಪದಲ್ಲಿ ಒಂದು ನಿರ್ದಿಷ್ಟ ಬಾಗಿಲಿನಿಂದ ಕೋಶದೊಳಕ್ಕೆ ಬರುತ್ತದೆ. ಎರಾಸ್ಟಿನ್ ಎಂಬ ರಾಸಾಯನಿಕ ಆ ಬಾಗಿಲು ಮುಚ್ಚುತ್ತದೆ. ಆರ್‌ಎಸ್‌ಎಲ್3 ಕಾವಲುಗಾರನನ್ನೇ ಕೆಡವುತ್ತದೆ. ಎರಡೂ ಪ್ರಯೋಗಾಲಯದ ಹತಾರಗಳು, ಔಷಧಿಗಳಲ್ಲ.

ಇನ್ನು ಬಸುರಿಗೂ ಇದಕ್ಕೂ ಏನು ನಂಟು? ಮಾಸು (ಪ್ಲಾಸೆಂಟಾ) ಬಿಡುವ ಹಾರ್ಮೋನುಗಳಿಂದ ತಾಯಿಯ ದೇಹ ಇನ್ಸುಲಿನ್ನಿಗೆ ಅಷ್ಟಾಗಿ ಸ್ಪಂದಿಸುವುದಿಲ್ಲ. ದಿನ ತುಂಬುತ್ತಾ ಬಂದ ಹಾಗೆ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಸುಮಾರು ಎರಡು ಪಟ್ಟು ಇನ್ಸುಲಿನ್ ಸುರಿಸಬೇಕಾಗುತ್ತದೆ. ಒಂದೊಂದು ಇನ್ಸುಲಿನ್ ಅಣುವನ್ನು ಮಡಚಿ ಕಟ್ಟುವಾಗಲೂ ಮೂರು ಗಂಧಕದ ಗಂಟು ಹಾಕಬೇಕು. ಆ ಗಂಟು ಹಾಕುವ ಕಿಣ್ವ ಗಂಟಿಗೊಂದರಂತೆ ಹೈಡ್ರೋಜನ್ ಪೆರಾಕ್ಸೈಡ್ ಅಣು ಉಗುಳುತ್ತದೆ. ಕೆಲಸ ಹೆಚ್ಚಿದಷ್ಟೂ ಪೆರಾಕ್ಸೈಡ್ ಹೆಚ್ಚು. ಅದನ್ನು ತೊಳೆಯುವ ಕ್ಯಾಟಲೇಸ್ ಬೀಟಾ ಕೋಶದಲ್ಲಿ ಮೊದಲೇ ಕಡಿಮೆ. ಮೇಲೆ ಕಬ್ಬಿಣವೂ ಸೇರಿದರೆ ಕಿಡಿ ಮತ್ತು ಎಣ್ಣೆ ಒಂದೇ ಅಡುಗೆಮನೆಯಲ್ಲಿ. ಇದು ಊಹೆಯ ಮಾತಷ್ಟೇ ಅಲ್ಲ: ಅನುವಂಶೀಯವಾಗಿ ಕಬ್ಬಿಣ ತುಂಬಿಕೊಳ್ಳುವ ಹೀಮೋಕ್ರೊಮಟೋಸಿಸ್‌ನಲ್ಲೂ, ಪದೇ ಪದೇ ರಕ್ತ ಹಾಕಿಸಿಕೊಳ್ಳಬೇಕಾದ ಥಲಸೀಮಿಯಾದಲ್ಲೂ ಸಕ್ಕರೆ ಕಾಯಿಲೆ ಬರುವುದು ವೈದ್ಯರಿಗೆ ಹಳೆಯ ಪರಿಚಯ. ಆದರೆ ಅದೇ ಬೀಟಾ ಕೋಶಕ್ಕೆ ಉಸಿರಾಡಲೂ ಇನ್ಸುಲಿನ್ ಬಿಡಲೂ ಕಬ್ಬಿಣ ಬೇಕೇ ಬೇಕು.

ಮಾಸಿನದು ಇನ್ನೊಂದು ಕತೆ. ತಾಯಿಯ ರಕ್ತಕ್ಕೆ ಮೈಯೊಡ್ಡಿ ನಿಂತ ಟ್ರೋಫೋಬ್ಲಾಸ್ಟ್ ಪದರ ಮಗುವಿಗಾಗಿ ಕಬ್ಬಿಣ ಎಳೆದುಕೊಳ್ಳುತ್ತಲೇ ಇರುತ್ತದೆ, ಅದರ ಪೊರೆಯಲ್ಲಿ ಕಮಟಾಗಬಲ್ಲ ಕೊಬ್ಬೂ ಧಾರಾಳ. ಪಿಟ್ಸ್‌ಬರ್ಗ್‌ನ ಯೋಯಲ್ ಸಡೋವ್ಸ್ಕಿಯವರ ತಂಡ 2020ರಲ್ಲಿ ತೋರಿಸಿದಂತೆ, ಜಿಪಿಎಕ್ಸ್4 ಜೊತೆಗೆ ಪಿಎಲ್‌ಎ2ಜಿ6 ಎಂಬ ಇನ್ನೊಂದು ಕಿಣ್ವವೂ ಈ ಕೋಶಗಳನ್ನು ಕಾಯುತ್ತದೆ.

ಇಲ್ಲಿಯವರೆಗೆ ಎಲ್ಲ ಸರಿ. ನಮ್ಮ ತಕರಾರು ಇರುವುದು ಮುಂದಿನ ಹೆಜ್ಜೆಯಲ್ಲಿ. ಗರ್ಭಾವಸ್ಥೆಯ ಮಧುಮೇಹದ ಮಾದರಿ ಎಂದು ಪ್ರಯೋಗಾಲಯದಲ್ಲಿ ಟ್ರೋಫೋಬ್ಲಾಸ್ಟ್ ಕೋಶಗಳಿಗೆ ಸಾಮಾನ್ಯವಾಗಿ 25ರಿಂದ 30 ಮಿಲಿಮೋಲಾರ್ ಗ್ಲೂಕೋಸ್ ಸುರಿಯುತ್ತಾರೆ. ಲ್ಯಾಬ್ ರಿಪೋರ್ಟಿನ ಭಾಷೆಯಲ್ಲಿ ಅದು ಡೆಸಿಲೀಟರಿಗೆ 450ರಿಂದ 540 ಮಿಲಿಗ್ರಾಂ, ಅದೂ ಒಂದೆರಡು ದಿನ ಬಿಡದೆ. ಬಸುರಿಯಲ್ಲಿ ಕಾಯಿಲೆ ಎಂದು ಬರೆಯುವುದು ಖಾಲಿ ಹೊಟ್ಟೆಯಲ್ಲಿ 92 ಮುಟ್ಟಿದಾಗಲೇ. ಈ ಎರಡು ಅಂಕಿಗಳ ನಡುವಿನ ಕಂದಕ ದಾಟದೆ ‘ಅಧಿಕ ಸಕ್ಕರೆಯಿಂದ ಮಾಸಿನ ಕೋಶ ಕಬ್ಬಿಣದ ಸಾವು ಸಾಯುತ್ತದೆ’ ಎಂದುಬಿಡುವುದು ಅವಸರ.

ಇಂಥ ಪ್ರಯೋಗ ಮಾಡುವ ವಿದ್ಯಾರ್ಥಿಗಳಿಗೆ ಕೆಲವು ಮಾತು. 30 ಮಿಲಿಮೋಲಾರ್ ಗ್ಲೂಕೋಸ್ ಕೊಟ್ಟರೆ ಪಕ್ಕದಲ್ಲಿ 5.5 ಗ್ಲೂಕೋಸ್ ಜೊತೆ 24.5 ಮ್ಯಾನಿಟಾಲ್ ಹಾಕಿದ ತಟ್ಟೆಯೂ ಇರಲಿ, ಇಲ್ಲವಾದರೆ ಕೋಶ ಸತ್ತದ್ದು ಸಕ್ಕರೆಯಿಂದಲೋ ದ್ರಾವಣ ಗಟ್ಟಿಯಾಗಿದ್ದರಿಂದಲೋ ಗೊತ್ತಾಗುವುದಿಲ್ಲ. ಫೆರೊಪ್ಟೋಸಿಸ್ ಎಂದು ಹೇಳಬೇಕಾದರೆ ಪೊರೆ ಕಮಟಾಗುವುದನ್ನು ತಡೆಯುವ ಫೆರೊಸ್ಟಾಟಿನ್-1 (1–2 ಮೈಕ್ರೋಮೋಲಾರ್) ಕೋಶವನ್ನು ಉಳಿಸಬೇಕು, ಕಬ್ಬಿಣ ಹಿಡಿಯುವ ಡೆಫೆರೊಕ್ಸಮಿನ್ ಉಳಿಸಬೇಕು, ಅಪೊಪ್ಟೋಸಿಸ್ ಎಂಬ ಇನ್ನೊಂದು ಬಗೆಯ ಕೋಶಸಾವು ತಡೆಯುವ ಝಡ್‌-ವ್ಯಾಡ್ ಉಳಿಸಬಾರದು. ಪೊರೆಯ ಕಮಟನ್ನು ನೇರವಾಗಿ ನೋಡಲು ಸಿ11-ಬಾಡಿಪಿ ಬಣ್ಣವಿದೆ, ಕೆಂಪಿನಿಂದ ಹಸಿರಿಗೆ ತಿರುಗಿದರೆ ಉತ್ಕರ್ಷಣೆ ಆಗಿದೆ ಎಂದರ್ಥ. ಕೊಬ್ಬು ಕಮಟಾದಾಗ ಹುಟ್ಟುವ ಎಂಡಿಎ ಎಂಬ ವಸ್ತುವನ್ನು ಅಳೆಯುವ ಕಿಟ್ ಒಂದನ್ನೇ ನಂಬಿ ಕೂರಬೇಡಿ. ಅದರ ಗುಲಾಬಿ ಬಣ್ಣ ಕೆಲವು ಸಕ್ಕರೆಗಳಿಂದಲೂ ಏರುಪೇರಾಗುತ್ತದೆ, ಸಕ್ಕರೆ ಕಾಯಿಲೆಯ ಮಾದರಿಯಲ್ಲಿ ಇದಕ್ಕಿಂತ ಕೆಟ್ಟ ಗೊಂದಲ ಬೇಕೆ? ಐಎನ್‌ಎಸ್-1 ಬೀಟಾ ಕೋಶ ಬೆಳೆಸುವವರು ಮಾಧ್ಯಮಕ್ಕೆ 50 ಮೈಕ್ರೋಮೋಲಾರ್ ಮರ್ಕ್ಯಾಪ್ಟೋಎಥನಾಲ್ ಹಾಕುವುದು ವಾಡಿಕೆ. ಅದು ಸಿಸ್ಟೀನನ್ನು ಬೇರೆ ದಾರಿಯಿಂದ ಕೋಶದೊಳಗೆ ನುಗ್ಗಿಸುವುದರಿಂದ ಎರಾಸ್ಟಿನ್ ಎಷ್ಟು ಹಾಕಿದರೂ ಕೋಶ ಜಗ್ಗುವುದಿಲ್ಲ. ಕೋಶಗಳು ಒತ್ತೊತ್ತಾಗಿ ಬೆಳೆದಿದ್ದರೂ ಸಾಯುವುದು ಕಡಿಮೆ, ಹಾಗಾಗಿ ಎಲ್ಲ ತಟ್ಟೆಗಳಲ್ಲೂ ಸಾಂದ್ರತೆ ಒಂದೇ ಇರಲಿ. ಹೆರಿಗೆಯಾದ ಮಾಸಿನ ತುಣುಕು ಅಳೆಯುವುದಾದರೆ ತಣ್ಣನೆಯ ಸಲೈನ್‌ನಲ್ಲಿ ನೀರು ತಿಳಿಯಾಗುವವರೆಗೆ ತೊಳೆಯಿರಿ. ಉಳಿದ ರಕ್ತದ ಹಿಮೋಗ್ಲೋಬಿನ್ನೇ ಕಬ್ಬಿಣದ ಲೆಕ್ಕ ಕೆಡಿಸುತ್ತದೆ.

ರಕ್ತದಲ್ಲಿ ಫೆರಿಟಿನ್ ಹೆಚ್ಚಿರುವ ಗರ್ಭಿಣಿಯರಲ್ಲಿ ಸಕ್ಕರೆ ಕಾಯಿಲೆಯೂ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳುತ್ತವೆ, ನಿಜ. ಆದರೆ ಫೆರಿಟಿನ್ ಕಬ್ಬಿಣದ ಅಳತೆ ಮಾತ್ರವಲ್ಲ. ಮೈಯಲ್ಲಿ ಉರಿಯೂತವಿದ್ದರೂ ಅದು ಏರುತ್ತದೆ, ಮೈತೂಕ ಹೆಚ್ಚಿದ್ದರೆ ಉರಿಯೂತವೂ ಜೊತೆಗಿರುತ್ತದೆ. ಹಾಗಾಗಿ ಫೆರಿಟಿನ್ ಜೊತೆಗೆ ಉರಿಯೂತ ತೋರಿಸುವ ಸಿಆರ್‌ಪಿಯನ್ನೂ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ನನ್ನೂ (ಆ ಪ್ರೋಟೀನು ಎಷ್ಟು ಪಾಲು ಕಬ್ಬಿಣದಿಂದ ತುಂಬಿದೆ ಎಂಬ ಲೆಕ್ಕ) ನೋಡದೆ ‘ಕಬ್ಬಿಣ ಜಾಸ್ತಿಯಾಗಿದೆ’ ಎನ್ನುವಂತಿಲ್ಲ. ಮಾತ್ರೆಯೇ ಕಾರಣವೇ ಎಂದು ನೇರವಾಗಿ ಪರೀಕ್ಷಿಸಿದವರು ಹಾಂಗ್‌ಕಾಂಗಿನವರು. 1164 ಗರ್ಭಿಣಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 60 ಮಿಲಿಗ್ರಾಂ ಕಬ್ಬಿಣ, ಇನ್ನೊಂದಕ್ಕೆ ಹುಸಿ ಮಾತ್ರೆ ಕೊಟ್ಟರು. 2009ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಕಬ್ಬಿಣ ತಿಂದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಿರಲಿಲ್ಲ.

ನಮ್ಮಲ್ಲಿ ಆಶಾ ಕಾರ್ಯಕರ್ತೆ ತಂದುಕೊಡುವ ಕೆಂಪು ಮಾತ್ರೆಯಲ್ಲಿರುವುದೂ ಅದೇ 60 ಮಿಲಿಗ್ರಾಂ, ಜೊತೆಗೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ನಾಲ್ಕನೇ ತಿಂಗಳಿನಿಂದ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ಒಂದು ಬಸುರಿಗೆ ಒಟ್ಟು ಬೇಕಾಗುವ ಕಬ್ಬಿಣ ಸುಮಾರು 1000 ಮಿಲಿಗ್ರಾಂ, ಅದರಲ್ಲಿ 300ರಷ್ಟು ಮಗುವಿಗೂ ಮಾಸಿಗೂ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ 52.2 ಶೇಕಡಾ ಮಂದಿಗೆ ರಕ್ತಹೀನತೆ. ಇಂಥ ಕಡೆ ಕಬ್ಬಿಣ ಹೆಚ್ಚಾಗುವ ಭಯವನ್ನು ಎಲ್ಲರಿಗೂ ಹಂಚುವುದು ಬೇಡ. ಥಲಸೀಮಿಯಾ ಇದ್ದವರು, ಹಿಮೋಗ್ಲೋಬಿನ್ ಚೆನ್ನಾಗಿದ್ದೂ ಅಂಗಡಿಯಿಂದ ಎರಡು ಮೂರು ಬಗೆಯ ಟಾನಿಕ್ ತಂದು ಮಾತ್ರೆಯ ಮೇಲೆ ಕುಡಿಯುವವರು ಮಾತ್ರ ವೈದ್ಯರಲ್ಲಿ ಮಾತಾಡಿ ಲೆಕ್ಕ ಹಾಕಿಸಿಕೊಳ್ಳಬೇಕು.

ಇನ್ನೂ ಒಂದು ವಿಚಿತ್ರವಿದೆ. ತಾಯಿಯ ಸಕ್ಕರೆ ಹತೋಟಿ ತಪ್ಪಿದರೆ ಮಗುವಿಗೆ ಆಮ್ಲಜನಕದ ಬೇಡಿಕೆ ಏರುತ್ತದೆ, ಮಗು ಕೆಂಪು ರಕ್ತಕಣಗಳನ್ನು ಹೆಚ್ಚು ಹೆಚ್ಚು ತಯಾರಿಸುತ್ತದೆ, ಇರುವ ಕಬ್ಬಿಣವೆಲ್ಲ ಅಲ್ಲಿಗೇ ಹೋಗುತ್ತದೆ. ಯಕೃತ್ತು, ಮಿದುಳಿನ ಪಾಲು ಬರಿದಾಗುತ್ತದೆ. ಮಾಸಿಗೆ ಕಬ್ಬಿಣ ಹೆಚ್ಚಾಯಿತೆಂದು ಹೆದರುವ ಹೊತ್ತಿಗೆ ಮಗುವಿಗೆ ಸಾಲದೇ ಹೋಗಿರುತ್ತದೆ.

ಕಬ್ಬಿಣಾಂಶಕ್ಕೆಂದು ದಿನಾ ಬೆಲ್ಲ, ಖರ್ಜೂರ, ಎಳ್ಳುಂಡೆ ತಿನ್ನಿಸುವುದು ನಮ್ಮ ಮನೆಗಳ ರೂಢಿ. ಸಕ್ಕರೆ ಇದ್ದವರಿಗೆ ಅದು ಬೇಡ, ಬೆಲ್ಲ ಬಹುಪಾಲು ಸಕ್ಕರೆಯೇ. ನುಗ್ಗೆಸೊಪ್ಪು, ಮೊಳಕೆ ಬಂದ ಹೆಸರುಕಾಳು, ಮೇಲೆ ನಿಂಬೆಹಣ್ಣಿನ ರಸ ಸಾಕು, ತಿನ್ನುವವರಾದರೆ ಮಾಂಸ. ಮಾತ್ರೆಯನ್ನು ಕಾಫಿ, ಚಹಾ ಜೊತೆ ನುಂಗಬೇಡಿ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ.

ಆಂಟಿಆಕ್ಸಿಡೆಂಟ್ ನುಂಗಿದರೆ ಕಮಟಾಗುವುದು ನಿಲ್ಲದೇ ಎಂದು ಕೇಳಬಹುದು. ವಿಟಮಿನ್ ಇ ತಟ್ಟೆಯ ಕೋಶವನ್ನು ಫೆರೊಪ್ಟೋಸಿಸ್‌ನಿಂದ ಉಳಿಸುತ್ತದೆ ಎಂಬುದೂ ನಿಜ. ಆದರೆ ಬ್ರಿಟನ್ನಿನಲ್ಲಿ ಗರ್ಭಿಣಿಯರಿಗೆ ದಿನಕ್ಕೆ 1000 ಮಿಲಿಗ್ರಾಂ ವಿಟಮಿನ್ ಸಿ, 400 ಯೂನಿಟ್ ವಿಟಮಿನ್ ಇ ಕೊಟ್ಟು ಬಸುರಿನ ನಂಜು, ಅಂದರೆ ರಕ್ತದೊತ್ತಡ ಏರುವ ಪ್ರೀಎಕ್ಲಾಂಪ್ಸಿಯಾ ತಡೆಯಲು ನೋಡಿದರು. 2006ರಲ್ಲಿ ಬಂದ ಫಲಿತಾಂಶದಲ್ಲಿ ಆ ನಂಜು ತಪ್ಪಲಿಲ್ಲ, ಬದಲಿಗೆ ಕಡಿಮೆ ತೂಕದ ಮಕ್ಕಳು ಹೆಚ್ಚಾದವು.

ಪರೀಕ್ಷೆಯ ವಿಷಯ. ನಮ್ಮ ದೇಶದಲ್ಲಿ ಬಳಸುವ ಡಿಪ್ಸಿ ಎಂಬ ವಿಧಾನದಲ್ಲಿ 75 ಗ್ರಾಂ ಗ್ಲೂಕೋಸನ್ನು 300 ಮಿಲಿಲೀಟರ್ ನೀರಿಗೆ ಹಾಕಿ ಐದರಿಂದ ಹತ್ತು ನಿಮಿಷದೊಳಗೆ ಕುಡಿಸುತ್ತಾರೆ, ಊಟವಾಗಿದ್ದರೂ ಸರಿ. ಎರಡು ಗಂಟೆ ಕಳೆದ ಮೇಲೆ ರಕ್ತದ ಸಕ್ಕರೆ 140 ಮುಟ್ಟಿದರೆ ಕಾಯಿಲೆ. ಮೊದಲ ಭೇಟಿಯಲ್ಲೊಮ್ಮೆ, ಆಗ ಸರಿಯಿದ್ದರೆ 24–28 ವಾರದಲ್ಲಿ ಇನ್ನೊಮ್ಮೆ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಮರುದಿನ ಮತ್ತೆ ಮಾಡಬೇಕು. ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ 75 ಗ್ರಾಂ ಗ್ಲೂಕೋಸಿನ ಪರೀಕ್ಷೆ ಇದೆ, ಬಹಳ ಮಂದಿ ತಪ್ಪಿಸಿಕೊಳ್ಳುವುದು ಇಲ್ಲೇ. ಅದರ ಬದಲು ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಮಾಡಿಸಿದರಾಯಿತು ಎನ್ನಬೇಡಿ: ಕಬ್ಬಿಣಾಂಶದ ಕೊರತೆಯಿದ್ದರೆ ಆ ಅಂಕಿ ಸುಳ್ಳೇ ಏರುತ್ತದೆ, ಹೆರಿಗೆಯಲ್ಲಿ ರಕ್ತ ಹೋಗಿ ಹೊಸ ರಕ್ತಕಣ ಬಂದಿದ್ದರೆ ಸುಳ್ಳೇ ಇಳಿಯುತ್ತದೆ.