ಬಿಸಿಯಾದರೆ ನಿಲ್ಲುವ ಪದ್ಮಿನಿ

ನಮ್ಮ ಮನೆಯ ಹಳೆಯ ಪ್ರೀಮಿಯರ್ ಪದ್ಮಿನಿ ಕಾರು ಪೇಟೆಯೊಳಗೆ ಓಡಾಡುವಾಗ ಯಾವ ತಕರಾರನ್ನೂ ತೆಗೆಯುತ್ತಿರಲಿಲ್ಲ. ಬೇಸಿಗೆಯಲ್ಲಿ ಉಜಿರೆಯ ಕಡೆಯಿಂದ ಚಾರ್ಮಾಡಿ ಘಾಟಿಯನ್ನು ಹತ್ತುವಾಗ ಮಾತ್ರ ಮಿಸ್ಸಿಂಗ್ ಹೊಡೆದು ನಿಂತುಬಿಡುತ್ತಿತ್ತು. ಅರ್ಧ ಗಂಟೆ ತಣಿಯಲು ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು. ಕೇಳಿದವರೆಲ್ಲ ಇದಕ್ಕೆ ವೇಪರ್ ಲಾಕ್, ಅಂದರೆ ಶಾಖಕ್ಕೆ ಪೆಟ್ರೋಲ್ ದಾರಿಯಲ್ಲೇ ಆವಿಯಾಗಿ ಹರಿವು ಕಟ್ಟಿಕೊಳ್ಳುವುದು, ಎಂದೇ ಹೆಸರಿಟ್ಟರು. ಎಂಜಿನ್ನಿಗೆ ಪೆಟ್ರೋಲ್ ಹೀರಿ ಕೊಡುವ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಸ್ವಲ್ಪ ಹೊತ್ತು ಕಾಯಿರಿ ಎಂಬುದು ಅವರ ಪರಿಹಾರವಾಗಿತ್ತು.

ಆ ಪರಿಹಾರ ಫಲಿಸುತ್ತದೆ ಎಂಬುದೇ ಅದರ ತೊಂದರೆ. ಬಟ್ಟೆ ಹಾಕಿ ಕಾಯುವ ಹೊತ್ತಿನಲ್ಲಿ ಪಂಪಿನ ಜೊತೆಗೆ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಇಗ್ನಿಷನ್ ಕಾಯಿಲ್ ಮತ್ತು ಅದನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಕಂಡೆನ್ಸರ್ ಕೂಡ ತಣಿದಿರುತ್ತವೆ. ಆದ್ದರಿಂದ ಗಾಡಿ ಮತ್ತೆ ಸ್ಟಾರ್ಟ್ ಆಯಿತೆಂಬುದರಿಂದ ದೋಷ ಪೆಟ್ರೋಲಿನದೋ ಕರೆಂಟಿನದೋ ಎಂದು ತೀರ್ಮಾನಿಸಲು ಬರುವುದಿಲ್ಲ. ಪರೀಕ್ಷೆ ನಡೆಯಬೇಕಾದದ್ದು ಗಾಡಿ ನಿಂತ ಕೂಡಲೇ, ಬಾನೆಟ್ಟಿನೊಳಗಿನ ಬಿಸಿ ಆರುವ ಮೊದಲೇ. ಗ್ಯಾರೇಜಿಗೆ ಎಳೆಸಿಕೊಂಡು ಹೋದ ಮೇಲೆ ಎಲ್ಲವೂ ಸರಿಯಾಗಿಯೇ ಇರುತ್ತದೆ, ಮೆಕ್ಯಾನಿಕ್ ಪ್ಲಗ್ ಬದಲಿಸಿ ಕಳುಹಿಸುತ್ತಾನೆ.

ಪರೀಕ್ಷೆ ಎರಡೇ. ಮೊದಲು ಏರ್ ಕ್ಲೀನರನ್ನು ತೆಗೆದು, ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬ್ಯುರೇಟರಿನ ಗಂಟಲೊಳಗೆ ನೋಡುತ್ತ ಆಕ್ಸಿಲರೇಟರಿನ ಲಿವರನ್ನು ಕೈಯಿಂದ ಒಮ್ಮೆ ಎಳೆಯಬೇಕು. ಸಣ್ಣ ಧಾರೆಯಾಗಿ ಪೆಟ್ರೋಲ್ ಚಿಮ್ಮಿದರೆ ಕಾರ್ಬ್ಯುರೇಟರಿನ ಪುಟ್ಟ ತೊಟ್ಟಿಯಾದ ಫ್ಲೋಟ್ ಛೇಂಬರಿನಲ್ಲಿ ಪೆಟ್ರೋಲ್ ಇದೆ, ಪಂಪಿನ ಮೇಲಿನ ಆರೋಪ ಬಹುಮಟ್ಟಿಗೆ ಬಿದ್ದುಹೋಗುತ್ತದೆ. ಆಮೇಲೆ ಏರ್ ಕ್ಲೀನರನ್ನು ಮರಳಿ ಕೂರಿಸಿ, ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ದಪ್ಪ ವೈರನ್ನು ಬಿಚ್ಚಿ, ಅದರ ತುದಿಯನ್ನು ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಕಾರ್ಬ್ಯುರೇಟರಿನಿಂದ ದೂರದಲ್ಲಿ, ಎಂಜಿನ್ನಿನ ಬರಿ ಲೋಹಕ್ಕೆ 5-6 ಮಿಲಿಮೀಟರ್ ಅಂತರದಲ್ಲಿಟ್ಟು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಬೇಕು. ಚಟ್ ಚಟ್ ಎಂದು ನೀಲಿ ಕಿಡಿ ಹಾರಬೇಕು. ನಮ್ಮ ಗಾಡಿಯಲ್ಲಿ ಪೆಟ್ರೋಲ್ ಧಾರಾಳವಾಗಿ ಚಿಮ್ಮಿತು; ಕಿಡಿ ಮಾತ್ರ ಹಳದಿಯಾಗಿ, ಸೊರಗಿ, ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎಂಬಂತಿತ್ತು.

ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ನೋಡಿದರೆ ಕಾಯಿಲಿನ ಕರೆಂಟನ್ನು ಕೂಡಿಸಿ ಕಡಿಯುವ ಪಾಯಿಂಟುಗಳು ಸುಟ್ಟು ನೀಲಿಗಟ್ಟಿದ್ದವು. ಪಾಯಿಂಟ್ ತೆರೆದುಕೊಳ್ಳುವ ಕ್ಷಣದಲ್ಲಿ ಅಲ್ಲಿ ಕರೆಂಟ್ ಜಿಗಿಯದಂತೆ ತಡೆದು, ಕಾಯಿಲಿನೊಳಗಿನ ಪ್ರವಾಹ ಥಟ್ಟನೆ ಕಡಿಯುವಂತೆ ಮಾಡುವುದು ಕಂಡೆನ್ಸರಿನ ಕೆಲಸ. ಆ ಕಡಿತ ಎಷ್ಟು ಚುರುಕಾಗಿದ್ದರೆ ಕಿಡಿಯೂ ಅಷ್ಟು ಬಲವಾಗಿರುತ್ತದೆ. ಕಂಡೆನ್ಸರಿನ ಒಳಗಿನ ಇನ್ಸುಲೇಷನ್ ಹಳತಾದಾಗ ತಣ್ಣಗಿರುವವರೆಗೆ ತಡೆದುಕೊಂಡು, ಬಿಸಿಯಾದಾಗ ಸೋರತೊಡಗುತ್ತದೆ. ಕಾಯಿಲಿನೊಳಗಿನ ಸೂಕ್ಷ್ಮ ತಂತಿಯೂ ಹೀಗೆಯೇ ಕಾಟ ಕೊಡಬಲ್ಲದು. ತಣ್ಣಗಿದ್ದಾಗ ಮೀಟರ್ ಹಿಡಿದು ಅಳೆದರೆ ಪ್ರೈಮರಿ ಎಂಬ ಅದರ ಮೊದಲ ತಂತಿಸುತ್ತಿನಲ್ಲಿ ಸುಮಾರು 3 ಓಮ್ ಬರುತ್ತದೆ, ನಾವು ಸಮಾಧಾನಪಡುತ್ತೇವೆ. ಕಂಡೆನ್ಸರ್ ಅಗ್ಗದ ವಸ್ತುವಾದ್ದರಿಂದ ಮೊದಲು ಅದನ್ನು ಪಾಯಿಂಟಿನ ಜೊತೆಗೇ ಬದಲಿಸಿ, ಗ್ಯಾಪನ್ನು 0.45 ಮಿಲಿಮೀಟರಿನ ಆಸುಪಾಸಿಗೆ ಇಟ್ಟು, ಆಮೇಲೂ ದೋಷ ಉಳಿದರೆ ಕಾಯಿಲಿನ ಮೇಲೆ ಕಣ್ಣಿಡುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಕ್ರಮ. ನಮ್ಮ ಗಾಡಿಗೆ ಕಾಯಿಲಿನವರೆಗೆ ಹೋಗಬೇಕಾಗಲಿಲ್ಲ.

ವೇಪರ್ ಲಾಕ್ ಎಂಬುದೇ ಇಲ್ಲವೆಂದು ಇದರ ಅರ್ಥವಲ್ಲ. ಹಿಂದಿರುವ ಟ್ಯಾಂಕಿನಿಂದ ಪೆಟ್ರೋಲನ್ನು ಹೀರುವ ಪಂಪು ಬಿಸಿ ಎಂಜಿನ್ನಿಗೇ ಅಂಟಿಕೊಂಡಿರುವ ಈ ಕಾರುಗಳಲ್ಲಿ ಅದು ಸಂಭವನೀಯವೇ. ಆದರೆ ಆಗ ಕಾರ್ಬ್ಯುರೇಟರಿನ ಗಂಟಲು ಒಣಗಿರುತ್ತದೆ, ಕಿಡಿ ಚೆನ್ನಾಗಿರುತ್ತದೆ. ಗಂಟಲು ಒಣಗಿದ್ದರೆ ಪಂಪನ್ನು ಬಿಚ್ಚುವ ಮೊದಲು ಟ್ಯಾಂಕಿನ ಮುಚ್ಚಳ ತೆರೆದು ನೋಡಬೇಕು: ಬುಸ್ ಎಂದು ಗಾಳಿ ಒಳಕ್ಕೆ ನುಗ್ಗಿದರೆ ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡಿದೆ. ಓಡುತ್ತಿರುವಾಗ ನಿಲ್ಲದೆ, ಚಹಾಕ್ಕೆಂದು ನಿಲ್ಲಿಸಿ ಮರಳಿ ಬಂದಾಗ ಸ್ಟಾರ್ಟ್ ಆಗದಿದ್ದರೆ ಅದು ಬೇರೆಯೇ ಕಥೆ. ಫ್ಲೋಟ್ ಛೇಂಬರಿನ ಪೆಟ್ರೋಲ್ ಎಂಜಿನ್ನಿನ ಶಾಖಕ್ಕೆ ಕುದಿದು, ಎಂಜಿನ್ನಿಗೆ ಹೋಗುವ ಕೊಳವೆಯಾದ ಮ್ಯಾನಿಫೋಲ್ಡಿಗೆ ಇಳಿದು ಓವರ್‌ಫ್ಲೋ ಆಗಿರುತ್ತದೆ. ಆಗ ಗಾಳಿ ತಗ್ಗಿಸಿ ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಎಳೆಯಲೇಬಾರದು; ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು, ಪದೇ ಪದೇ ತುಳಿಯಬಾರದು.

ಬೆಳಗಿನ ಸ್ಟಾರ್ಟಿಂಗ್ ತೊಂದರೆಗೆ ಬಂದರೆ, ಅನೇಕರು ಕಡೆಗಣಿಸುವ ಲಕ್ಷಣವೊಂದಿದೆ. ಸೆಲ್ಫ್ ತಿರುಗುತ್ತಿರುವಷ್ಟು ಹೊತ್ತು ಹಿಡಿಯದ ಎಂಜಿನ್, ಬೇಸತ್ತು ಕೀಲಿಯನ್ನು ಬಿಟ್ಟ ಆ ಕ್ಷಣದಲ್ಲಿ ಹಿಡಿದುಕೊಳ್ಳುತ್ತದೆ. ಸೆಲ್ಫ್ ಮೋಟಾರೇ ಕರೆಂಟನ್ನೆಲ್ಲ ನುಂಗಿ ಕಾಯಿಲಿಗೆ ಏನೂ ಉಳಿಸಿರುವುದಿಲ್ಲ ಎಂಬುದು ಅದರ ತಾತ್ಪರ್ಯ. ವಿಶ್ರಾಂತಿಯಲ್ಲಿ 12.6 ವೋಲ್ಟ್ ತೋರಿಸುವ ಬ್ಯಾಟರಿ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯ ಮೇಲೆ, ಇಳಿಯದೆಯೂ ಸೆಲ್ಫ್ ನಿಧಾನವಾದರೆ ಕೇಬಲ್ಲುಗಳ ಮೇಲೆ ಸಂಶಯಪಡಬೇಕು. ಎಂಜಿನ್ ರಬ್ಬರ್ ಮೌಂಟಿಂಗಿನ ಮೇಲೆ ಕೂತಿರುವುದರಿಂದ ಅದನ್ನು ಕಾರಿನ ಮೈಗೆ ಜೋಡಿಸುವ ಅರ್ತ್ ಪಟ್ಟಿಯೇ ಕರೆಂಟಿನ ಮರಳುದಾರಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಅದು ತುಕ್ಕು ಹಿಡಿದಿರುವುದು ಸಾಮಾನ್ಯ.

ಸಿಗ್ನಲ್ಲಿನಲ್ಲಿ ಮಾತ್ರ ಆಫ್ ಆಗುವ ಗಾಡಿಯಲ್ಲಿ ಚೋಕನ್ನು ತುಸು ಎಳೆದು ನೋಡಬೇಕು. ಐಡ್ಲಿಂಗ್ ಸ್ಥಿರವಾದರೆ ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ: ಒಂದೋ ಐಡ್ಲಿಂಗಿಗೆ ಪೆಟ್ರೋಲ್ ಬಿಡುವ ಸಣ್ಣ ರಂಧ್ರವಾದ ಐಡಲ್ ಜೆಟ್ಟಿನಲ್ಲಿ ಕಸ ಸಿಕ್ಕಿದೆ, ಇಲ್ಲವೇ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನಲ್ಲಿ ಗಾಳಿ ಸೋರುತ್ತಿದೆ. ಈಚೆಗೆ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಯುತ್ತಿರುವುದರಿಂದ ಹಳೆಯ ಟ್ಯಾಂಕಿನ ಕಿಟ್ಟ ಸಡಿಲಗೊಂಡು ಜೆಟ್ಟಿನವರೆಗೆ ಬರುತ್ತದೆ, ರಬ್ಬರ್ ಪೈಪು ಮತ್ತು ಪಂಪಿನ ಡಯಾಫ್ರಾಮ್ ಬೇಗ ಕೆಡುತ್ತವೆ. ಪೈಪುಗಳನ್ನು ಬದಲಿಸಿ, ಪಂಪಿಗೆ ಮುಂಚೆ ಒಂದು ಪಾರದರ್ಶಕ ಫಿಲ್ಟರ್ ಹಾಕಿಸುವುದು ಒಳ್ಳೆಯದು. ಕಾರು ನಿಂತಾಗ ಪೆಟ್ರೋಲ್ ಬರುತ್ತಿದೆಯೇ ಎಂಬುದು ಮೇಲ್ನೋಟಕ್ಕೇ ತಿಳಿಯುತ್ತದೆ.