ಇದ್ದರು, ಮನೆಯಲ್ಲಿ ಗಂಡಸರು ಇದ್ದರು

ನನ್ನ ಮುತ್ತಜ್ಜಿ ಮೂಡಿಗೆರೆ ಸೀಮೆಯ ಒಂದು ಹಳ್ಳಿಯಲ್ಲಿ ಕುಲುಮೆ ನಡೆಸುತ್ತಿದ್ದಳು ಎಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ‘ಏಕೆ, ಮನೆಯಲ್ಲಿ ಗಂಡಸರು ಇರಲಿಲ್ಲವೇ?’ ಇದ್ದರು. ಗಂಡನೂ ಇದ್ದ, ಮೈದುನನೂ ಇದ್ದ, ಇಬ್ಬರೂ ಗಟ್ಟಿಮುಟ್ಟಾಗಿಯೇ ಇದ್ದರು. ಗಂಡನಿಗೆ ಗಾಡಿ ಕಟ್ಟಿಕೊಂಡು ಸಂತೆ ಸುತ್ತುವುದು ಇಷ್ಟ. ಕಮ್ಮಾರರ ಮನೆಯಲ್ಲೇ ಹುಟ್ಟಿ ಬೆಳೆದ ಹೆಂಡತಿಗೆ ಕಬ್ಬಿಣ ಇಷ್ಟ. ಇದನ್ನು ಮತ್ತೆ ಮತ್ತೆ ಬಾಯಲ್ಲಿ ಹೇಳುವ ತಾಳ್ಮೆ ಉಳಿದಿಲ್ಲವಾದ್ದರಿಂದ ಬರೆದಿಡುತ್ತಿದ್ದೇನೆ.

ಚಿಕ್ಕಮಗಳೂರಿನ ಮದುವೆಮನೆಯೊಂದರಲ್ಲಿ, ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಹಿರಿಯರೊಬ್ಬರು ಇದೇ ಪ್ರಶ್ನೆಗೆ ಕರುಣೆಯನ್ನೂ ಬೆರೆಸಿದರು. ‘ಪಾಪ, ಜನ ನೋಡಬಾರದು ಅಂತ ಕತ್ತಲಲ್ಲೇ ಕೂತು ಕೆಲಸ ಮಾಡ್ತಿದ್ರಂತೆ, ಹೌದೇನಮ್ಮಾ?’ ಕುಲುಮೆ ಕತ್ತಲಾಗಿತ್ತು, ನಿಜ. ಗಂಡಸರ ಕುಲುಮೆಯೂ ಕತ್ತಲೆಯೇ. ಕಾದ ಕಬ್ಬಿಣದ ಕೆಂಪು ಬಿಸಿಲಿನಲ್ಲಿ ಸರಿಯಾಗಿ ಕಾಣುವುದಿಲ್ಲ, ಕಾಣದಿದ್ದರೆ ಎಷ್ಟು ಕಾದಿದೆಯೆಂದು ತಿಳಿಯುವುದಿಲ್ಲ, ಹಾಗಾಗಿ ಕಮ್ಮಾರ ನೆರಳನ್ನು ಬೇಕೆಂದೇ ಕಟ್ಟಿಕೊಳ್ಳುತ್ತಾನೆ. ಇಷ್ಟನ್ನು ವಿವರಿಸುವಷ್ಟರಲ್ಲಿ ಪಾಯಸ ನಮ್ಮಿಬ್ಬರ ಎಲೆ ದಾಟಿ ಮುಂದೆ ಹೋಗಿತ್ತು. ಅವರು, ‘ಆದರೂ ಹೆಣ್ಣು ಕೈ ನೋಡು’ ಎಂದರು.

ಹೆಣ್ಣು ಕೈ ಕುಲುಮೆಗೆ ಗಾಳಿ ಊದುವ ತಿದಿ ಒತ್ತಿದರೆ ಯಾರಿಗೂ ಆಶ್ಚರ್ಯವಿಲ್ಲ. ಕಮ್ಮಾರರ ಹೆಂಗಸರು ದಿನವಿಡೀ ಒತ್ತಿದ್ದಾರೆ, ಅದನ್ನು ಕಸುಬೆಂದು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಇಕ್ಕಳ ಹಿಡಿದಾಗ ಮಾತ್ರ ತೋಳಿನ ಬಲದ ಮಾತು ಏಳುತ್ತದೆ. ಭಾರದ ಸಮ್ಮಟಿಗೆ ಎತ್ತುತ್ತಿದ್ದವನು ಮೈದುನ. ಮುತ್ತಜ್ಜಿ ಎಡಗೈಯಲ್ಲಿ ಇಕ್ಕಳ, ಬಲಗೈಯಲ್ಲಿ ಸಣ್ಣ ಸುತ್ತಿಗೆ ಹಿಡಿದು, ತಾನು ತಟ್ಟಿ ತೋರಿಸಿದ ಜಾಗಕ್ಕೆ ಅವನಿಂದ ಹೊಡೆಸುತ್ತಿದ್ದಳು. ಬಲ ಅವನದು, ಕಸುಬು ಇವಳದು.

ಅವಳು ಕತ್ತಿಗೆ ಹದ ಹೇಗೆ ಹಾಕುತ್ತಿದ್ದಳು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ನಮ್ಮದೇ ಜಿಲ್ಲೆಯ ಕೆಮ್ಮಣ್ಣುಗುಂಡಿಯ ಅದಿರಿನಿಂದ ಭದ್ರಾವತಿಯಲ್ಲಿ 1923ರಿಂದ ಕಬ್ಬಿಣ ತಯಾರಾಗುತ್ತಿತ್ತಾದರೂ ಮೊದಲಿಗೆ ಅಲ್ಲಿ ಬರುತ್ತಿದ್ದುದು ಬೀಡು ಕಬ್ಬಿಣ. ಅದು ಸುತ್ತಿಗೆಗೆ ಬಾಗದೆ ಒಡೆಯುತ್ತದೆ. ಅವಳಿಗೆ ಪ್ರಿಯವಾದದ್ದು ಲಾರಿಯ ಮುರಿದ ಸ್ಪ್ರಿಂಗ್ ಪಟ್ಟಿ. ಅಂಥ ಉಕ್ಕನ್ನು ಕೆಂಪಗೆ ಕಾಯಿಸಿ ಅದ್ದಿದರೆ ಗಾಜಿನಂತೆ ಪೆಡಸಾಗುತ್ತದೆ. ಆಗ ಕತ್ತಿಯ ಬಾಯಿಯನ್ನು, ಅಂದರೆ ಕೊಯ್ಯುವ ಅಂಚನ್ನು, ಕಲ್ಲಿಗೆ ಉಜ್ಜಿ ಹೊಳಪು ಬರಿಸಿ, ಬೆನ್ನಿನ ಕಡೆಯಿಂದ ಮೆಲ್ಲಗೆ ಮತ್ತೆ ಕಾಯಿಸಿದರೆ, ಆ ಹೊಳಪಿನ ಮೇಲೆ ಬಣ್ಣಗಳು ಸರಿಯುತ್ತ ಬರುತ್ತವೆ: ಸುಮಾರು 230 ಡಿಗ್ರಿ ಸೆಲ್ಸಿಯಸ್‌ಗೆ ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, 300ರ ಹೊತ್ತಿಗೆ ನೀಲಿ. ಹಳದಿಯಲ್ಲೇ ನಿಲ್ಲಿಸಿದರೆ ಗಂಟುಮರದ ಮೇಲೆ ಬಿದ್ದ ಏಟಿಗೆ ಬಾಯಿ ಚಕ್ಕೆ ಏಳುತ್ತದೆ. ನೀಲಿಯನ್ನೂ ದಾಟಿಸಿದರೆ ಮಡಿಚಿಕೊಳ್ಳುತ್ತದೆ. ತೋಟದ ಕತ್ತಿಯನ್ನು ಅವಳು ನೇರಳೆಗೆ ನಿಲ್ಲಿಸುತ್ತಿದ್ದಳೆಂದು ತಿದಿ ಒತ್ತುತ್ತಿದ್ದ ನನ್ನ ಅಜ್ಜಿ ಹೇಳುತ್ತಿದ್ದಳು. ಈ ಬಣ್ಣಗಳಿಗೆ ಬೆಳಕು ಬೇಕು. ಆದ್ದರಿಂದ ಮದುವೆಮನೆಯ ಹಿರಿಯರ ಸಮಾಧಾನಕ್ಕೆ ತಿಳಿಸುವುದೇನೆಂದರೆ, ಕಸುಬಿನ ಅತ್ಯಂತ ಸೂಕ್ಷ್ಮ ಕೆಲಸವನ್ನು ಅವಳು ಬಾಗಿಲಲ್ಲಿ, ಊರೆಲ್ಲ ನೋಡುವಂತೆ ಮಾಡುತ್ತಿದ್ದಳು.

ಸುಗ್ಗಿಯಲ್ಲಿ ಗಂಡಸು ಕಮ್ಮಾರನಿಗೆ ಅಳೆಯುವಷ್ಟೇ ಆಯದ ಭತ್ತವನ್ನು, ಅಂದರೆ ಕಸುಬಿನ ಕೂಲಿಯ ಭತ್ತವನ್ನು, ರೈತರು ಅವಳಿಗೂ ಅಳೆಯುತ್ತಿದ್ದರಂತೆ. ಬಾಯಿ ಮಡಿಚಿದ ಕತ್ತಿ ತಂದವರಿಗೆ ಹೊಸದಾಗಿ ಹದ ಹಾಕಿ ಕೊಡುತ್ತಿದ್ದಳು. ಕಲ್ಲಿಗೆ ಹೊಡೆದು ತಂದವರಿಗೆ ಬೈದು ಹದ ಹಾಕಿ ಕೊಡುತ್ತಿದ್ದಳು. ಬೈಗುಳಕ್ಕೆಂದು ಬೇರೆ ಭತ್ತ ಕೇಳುತ್ತಿರಲಿಲ್ಲ.